ಮುಂದಿನ ಬ್ರೇಕು

ಗಾಡಿ ಕಲಿಯಲು ಹೊರಟ ಹೆಂಗಸಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಮೇಷ್ಟ್ರುಗಳೇ. ಇಸ್ತ್ರಿ ಅಂಗಡಿಯವನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಹೇಳಿಕೊಡುತ್ತಾನೆ. ಬಸ್ಸಿಗೆ ಕಾಯುತ್ತಿದ್ದವರು ಬಂದ ಬಸ್ಸನ್ನೂ ಬಿಟ್ಟು ನಿಂತು ನೋಡುತ್ತಾರೆ. ಜನ್ಮದಲ್ಲಿ ಸೈಕಲ್ಲನ್ನೂ ಮುಟ್ಟದವರು ‘ಕ್ಲಚ್ಚು, ಕ್ಲಚ್ಚು’ ಎಂದು ಕೂಗುತ್ತಾರೆ. ನನ್ನ ಚಿಕ್ಕಮ್ಮ ಮೋಟಾರ್ ಸೈಕಲ್ ಕಲಿತ ದಿನಗಳನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಬೀದಿಯಲ್ಲಿ ಕೂಗಿದವರ ಮೇಲಲ್ಲ. ಅವರು ಕೂಗಿದರು, ಮರೆತರು. ಮನೆಯೊಳಗೆ ಸದ್ದೇ ಮಾಡದೆ ಇದ್ದವರ ಮೇಲೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಕಾಲೇಜಿಗೆಂದು ಬಂದು ನಾನು ಅವಳ ಮನೆಯಲ್ಲಿದ್ದೆ. ಹೊಲಿಗೆ ಮಷೀನು ರಿಪೇರಿ ಮಾಡುವುದು ಅವಳ ಕೆಲಸ. ಬಸ್ ನಿಲ್ದಾಣದ ಹಿಂದಿನ ಏರುರಸ್ತೆಯ ತುದಿಯಲ್ಲಿ ಅಂಗಡಿ. ಮುಂಭಾಗದಲ್ಲಿ ಗಾಜಿನ ಕಪಾಟು, ಅದರೊಳಗೆ ಸೂಜಿ, ದಾರದ ಉಂಡೆ, ದಾರ ಸುತ್ತುವ ಬಾಬಿನ್ನು, ಗುಂಡಿ. ಹಿಂಭಾಗದಲ್ಲಿ ಉದ್ದನೆಯ ಮೇಜು, ಅದರ ಮೇಲೆ ಬಿಚ್ಚಿಟ್ಟ ಮಷೀನುಗಳು. ಬೆಳಗಿನ ಬಿಸಿಲು ಗಾಜು ದಾಟಿ ಒಳಗೆ ಬಂದಾಗ ಎಣ್ಣೆ ಹಚ್ಚಿದ ಕಬ್ಬಿಣ ಮಳೆ ನಿಂತ ರಸ್ತೆಯ ಹಾಗೆ ಹೊಳೆಯುತ್ತಿತ್ತು. ಕಾಲೇಜು ಬೇಗ ಬಿಟ್ಟ ದಿನ ನಾನು ಆ ಮೇಜಿನ ಮೂಲೆಯಲ್ಲಿ ಪುಸ್ತಕ ತೆರೆದು ಕೂರುತ್ತಿದ್ದೆ. ಓದಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು.

ಅಲ್ಲಿಗೆ ಬರುವ ಹೆಂಗಸರು ಬಹುಪಾಲು ಒಂದೇ ಮಾತಿನಿಂದ ಶುರು ಮಾಡುತ್ತಿದ್ದರು.

“ಮಷೀನು ಸರಿಯಾಗೇ ಇದೆ ಅಕ್ಕಾ. ನನ್ನ ಕೈಯೇ ಸರಿಯಿಲ್ಲ ಅನ್ಸತ್ತೆ. ದಾರ ಕಡೀತಾನೇ ಇರತ್ತೆ. ನಮ್ಮನೆಯವರೂ ಅದನ್ನೇ ಅಂತಾರೆ.”

“ನಿಮ್ಮನೆಯವರು ಹೊಲೀತಾರಾ?”

“ಅಯ್ಯೋ, ಇಲ್ಲಪ್ಪ!”

“ಹಾಗಾದ್ರೆ ಅವರ ಮಾತು ಆಮೇಲೆ ಕೇಳೋಣ. ಮೊದಲು ಮಷೀನು ಏನನ್ನತ್ತೆ ನೋಡೋಣ.”

ಚಿಕ್ಕಮ್ಮ ಕಿವಿಯನ್ನು ಮಷೀನಿನ ಹತ್ತಿರ ತಂದು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಿದ್ದಳು. ಎಲ್ಲೋ ಒಂದು ಕಡೆ ಅವಳ ಬೆರಳು ನಿಲ್ಲುತ್ತಿತ್ತು. ಯಾರೋ ಬಿಗಿದು ಮರೆತ ಸ್ಕ್ರೂ, ಬಾಬಿನ್ನು ಕೂರುವ ಶಟಲ್ಲಿನ ಬಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತರಚು. “ನಿಮ್ಮ ಕೈ ಚೆನ್ನಾಗೇ ಇದೆ ಕಣ್ರೀ” ಎನ್ನುವಾಗ ಆ ಹೆಂಗಸರ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಂಗಡಿಯಲ್ಲಿ ರಿಪೇರಿಗೆ ಇನ್ನೊಬ್ಬನೂ ಇದ್ದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಎಲ್ಲರೂ ಅವನನ್ನು ಆಂಟೆನಾ ಎಂದೇ ಕರೆಯುತ್ತಿದ್ದರು. ಊರಾಚೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಿತ್ತು. ಅಲ್ಲಿನ ಸಾಲುಸಾಲು ಮಷೀನುಗಳನ್ನು ನೋಡಿಕೊಳ್ಳುವ ಕೆಲಸ ಅಂಗಡಿಯದು. ಅಲ್ಲಿಗೆ ಬಸ್ಸಿಲ್ಲ. ಆಂಟೆನಾ ತನ್ನ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು ಎಂದ ದಿನವೇ ಚಿಕ್ಕಮ್ಮ ಆ ಕಾರ್ಖಾನೆಯ ಕೆಲಸ ತನಗೆ ಕೊಡಿ ಎಂದು ಅಂಗಡಿಯ ಯಜಮಾನರನ್ನು ಕೇಳಿದಳು. ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೊರಗಿ ಹೇಳಿದರು:

“ನನಗೆ ಗಂಡಸು ಹೆಂಗಸು ಅಂತ ಭೇದ ಇಲ್ಲಮ್ಮಾ. ಗಾಡಿ ಓಡಿಸಿಕೊಂಡು ಹೋಗಿ ಬರೋರಿಗೆ ಕಾರ್ಖಾನೆ. ತಿಂಗಳು ಮುಗಿಯೋದ್ರೊಳಗೆ ಕಲಿತ್ರೆ ನೀನೇ ಹೋಗು. ಆಗಲಿಲ್ವಾ, ನನ್ನ ಬಾಮೈದ ಇದ್ದಾನೆ.”

“ಅವರಿಗೆ ರಿಪೇರಿ ಬರತ್ತಾ ಸಾರ್?”

“ಗಾಡಿ ಬರತ್ತೆ. ರಿಪೇರಿ ಕಲೀತಾನೆ. ಅವನು ಹಿಂದೆ ಮೇಜಿನ ಹತ್ರ ಕೂತ್ರೆ ನೀನು ಮುಂದೆ ಕಪಾಟು ನೋಡ್ಕೊಂಡ್ರಾಯ್ತು. ನೆರಳಲ್ಲಿ ಕೂತು ಸೂಜಿ ದಾರ ಕೊಡೋದು. ಆರಾಮು.”

ಆ ‘ಆರಾಮು’ ಚಿಕ್ಕಮ್ಮನಿಗೆ ಚುಚ್ಚಿತು. ವರ್ಷಗಟ್ಟಲೆ ಆ ಮೇಜಿನ ಮುಂದೆ ಕೂತು ಕಲಿತ ವಿದ್ಯೆಯನ್ನು ಬಿಟ್ಟು ಎದ್ದು ಗಾಜಿನ ಹಿಂದೆ ಗೊಂಬೆಯಂತೆ ಕೂರಬೇಕು; ಬಾಬಿನ್ನು ಯಾವುದು, ಗುಂಡಿ ಯಾವುದು ಎಂದು ತಿಳಿಯದವನೊಬ್ಬ ಬಂದು ಅವಳ ಸ್ಟೂಲಿನ ಮೇಲೆ ಕೂರುತ್ತಾನೆ. ಅವನಿಗೆ ಬರುವುದು, ಅವಳಿಗೆ ಬಾರದ್ದು ಒಂದೇ ಒಂದು.

ಮನೆಯಲ್ಲಿ ಮೋಟಾರ್ ಸೈಕಲ್ ಇತ್ತು. ಚಿಕ್ಕಪ್ಪ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಪಕ್ಕದ ಬೀದಿಯ ಪಂಪ್‌ಹೌಸಿಗೇ ವರ್ಗವಾದ ಮೇಲೆ ಅವರು ನಡೆದೇ ಹೋಗುತ್ತಿದ್ದರು. ಗಾಡಿ ಮೆಟ್ಟಿಲ ಕೆಳಗೆ ಹಳೆಯ ಹೊದಿಕೆ ಹೊದ್ದು ಮಲಗಿತ್ತು. ಊಟಕ್ಕೆ ಕೂತಾಗ ಚಿಕ್ಕಮ್ಮ ವಿಷಯ ತೆಗೆದಳು. ಮೊದಲು ಮಾತಾಡಿದ್ದು ತಾತ, ಅಂದರೆ ಚಿಕ್ಕಪ್ಪನ ಅಪ್ಪ. ಅವರು ಬಸ್ ಚಾಲಕರಾಗಿದ್ದು ನಿವೃತ್ತರಾದವರು.

“ಮೋಟಾರ್ ಸೈಕಲ್ಲಾ? ಅದು ಹೆಂಗಸರ ಗಾಡಿ ಅಲ್ಲಮ್ಮ. ಸ್ಕೂಟರ್ ಆದ್ರೆ ಬೇರೆ ಮಾತು.”

“ಮನೇಲಿರೋದು ಇದೇ ಅಲ್ವಾ ಮಾವ? ಮೆಟ್ಟಿಲ ಕೆಳಗೆ ತುಕ್ಕು ಹಿಡೀತಾ ಇದೆ.”

“ಬೇಡ ಅಂತ ಯಾರಂದ್ರು?” ಎಂದರು ಚಿಕ್ಕಪ್ಪ, ತಟ್ಟೆಯಿಂದ ತಲೆಯೆತ್ತದೆ. “ಕಲಿ. ನಿಧಾನವಾಗಿ ಕಲಿ.”

ಅಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದಕ್ಕೆ ಚಿಕ್ಕಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು, ಜಗಳವೇ ಆಗಲಿಲ್ಲ. ಅದರಲ್ಲೇ ಏನೋ ಇದೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಚಿಕ್ಕಪ್ಪ ಗಾಡಿಯನ್ನು ಹೊರಗೆ ತಂದರು, ತೊಳೆದರು, ಓಡುವಂತೆ ಮಾಡಿಕೊಟ್ಟರು. ಭಾನುವಾರ ದೊಡ್ಡಮಾವ ಬಂದ. ಅವನು ಅಮ್ಮ ಚಿಕ್ಕಮ್ಮ ಇಬ್ಬರಿಗೂ ಅಣ್ಣ. ಪೇಟೆಯಲ್ಲಿ ಮೊಳೆ, ಬೀಗ, ಬಣ್ಣದ ಅಂಗಡಿ ಇಟ್ಟುಕೊಂಡಿದ್ದ. ಪ್ರತಿ ಭಾನುವಾರ ತಂಗಿಯ ಮನೆಗೆ ಬಂದು ಚಹಾ ಕುಡಿದು ಎಲ್ಲರಿಗೂ ಬುದ್ಧಿ ಹೇಳಿ ಹೋಗುವುದು ಅವನ ಕ್ರಮ.

“ಪುಟ್ಟೀ, ಕೈಕಾಲು ಮುರ್ಕೊಂಡು ನನ್ನ ಮುಂದೆ ಅಳಬೇಡ” ಎಂದ. ಆಮೇಲೆ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, “ಎಲ್ಲ ಸರಿಯಿದೆಯಾ ಒಂದ್ಸಲ ನೋಡ್ತೀನಿ” ಎಂದು ಬಹಳ ಹೊತ್ತು ಅದೂ ಇದೂ ಮುಟ್ಟಿ ನೋಡಿದ. ಚಿಕ್ಕಮ್ಮನಿಗೆ ಕಣ್ಣು ತುಂಬಿ ಬಂತು. “ನೋಡೇ, ಬಾಯಲ್ಲಿ ಏನೇ ಅಂದ್ರೂ ಅಣ್ಣನಿಗೆ ನನ್ನ ಮೇಲೆ ಎಷ್ಟು ಪ್ರೀತಿ” ಎಂದಳು ನನ್ನ ಹತ್ತಿರ.

ಊರಿನ ತುದಿಯಲ್ಲಿ ಮುಚ್ಚಿಹೋದ ಮರದ ಮಿಲ್ಲಿನ ಅಂಗಳವಿತ್ತು. ಕಲಿಕೆ ಅಲ್ಲಿ. ಬೆಳಗಿನ ಮಂಜು ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ. ಹಳೆಯ ಮರದ ಹೊಟ್ಟಿನ ವಾಸನೆ ಒದ್ದೆಯಾಗಿ ಏಳುತ್ತಿತ್ತು. ತಾತ ಮಧ್ಯದಲ್ಲಿ ಛತ್ರಿ ಊರಿ ನಿಲ್ಲುತ್ತಿದ್ದರು. ಅವರ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ:

“ಮುಂದಿನ ಬ್ರೇಕು ಮುಟ್ಟಬೇಡ. ಬಲಗೈ ಹತ್ರ ಒಂದು ಲಿವರ್ ಇದೆ ಅನ್ನೋದನ್ನೇ ಮರೆತುಬಿಡು. ಹಿಡಿದ್ಯೋ, ಹಿಂದಿನ ಚಕ್ರ ಆಕಾಶ ನೋಡತ್ತೆ. ಏನಿದ್ರೂ ಕಾಲಿನ ಬ್ರೇಕು.”

“ನೀವು ಓಡಿಸಿದ್ದು ಬಸ್ಸು ಅಲ್ವಾ ಮಾವ?”

“ಬಸ್ಸಾದ್ರೇನು ಬೈಕಾದ್ರೇನು. ಬ್ರೇಕು ಬ್ರೇಕೇ ಕಣಮ್ಮ.”

ಚಿಕ್ಕಮ್ಮನಿಗೆ ತೂಕ ಹಿಡಿಯುವುದು ಮೊದಲ ದಿನವೇ ಬಂತು. ಮಷೀನಿನ ಪೆಡಲ್ಲು ತುಳಿದ ಪಾದ ಗೇರನ್ನೂ ಬೇಗ ಅರ್ಥ ಮಾಡಿಕೊಂಡಿತು. ಮಂಜಿನಲ್ಲಿ ಅವಳ ಗಾಡಿ ಅಂಗಳವನ್ನು ಸುತ್ತಿ ಬರುವುದು ನೋಡಲು ಚೆಂದವಿತ್ತು. ಬಟ್ಟೆಯ ಅಂಚಿಗೆ ಹೊಲಿಗೆ ಹಾಕಿದ ಹಾಗೆ ನೇರ, ಸಮ. ತೊಂದರೆಯೆಲ್ಲ ನಿಧಾನ ಮಾಡುವಾಗ. ಆಕ್ಸಿಲರೇಟರ್ ಬಿಟ್ಟರೆ ಸಾಕು, ಗಾಡಿ ಕೆಮ್ಮಿ ಸುಮ್ಮನಾಗುತ್ತಿತ್ತು. ಮತ್ತೆ ಕಿಕ್ಕರ್ ಒದೆಯಬೇಕು. ಏರು ಬಂದರೆ ಎಮ್ಮೆಯಂತೆ ಹಟ ಹಿಡಿದು ನಿಲ್ಲುತ್ತಿತ್ತು. ತಳ್ಳಿಕೊಂಡು ಹೋಗೋಣವೆಂದರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಭಾರ.

“ಹಳೇ ಗಾಡಿ, ಹಾಗೇ” ಎಂದರು ಚಿಕ್ಕಪ್ಪ.

“ಕೈ ಸ್ಥಿರವಾಗಿಲ್ಲ, ಅದಕ್ಕೇ ಆಫ್ ಆಗತ್ತೆ” ಎಂದರು ತಾತ.

ನನ್ನನ್ನು ಹಿಂದೆ ಕೂರಿಸಿಕೊಂಡು ರಸ್ತೆಗಿಳಿದ ಮೇಲೆ ಅದು ಊರಿನ ತಮಾಷೆಯಾಯಿತು. ಪೆಟ್ರೋಲ್ ಬಂಕಿನ ಚೌಕದಲ್ಲಿ ಕೆಂಪು ದೀಪಕ್ಕೆ ನಿಂತರೆ ಗಾಡಿಯೂ ನಿಂತುಬಿಡುತ್ತಿತ್ತು. ಹಸಿರು ಬಿದ್ದಾಗ ಎಲ್ಲರೂ ಹೋಗುತ್ತಿದ್ದರು, ನಾವಿಬ್ಬರು ಮಾತ್ರ ನಡುರಸ್ತೆಯಲ್ಲಿ. ಹಿಂದಿನಿಂದ ಹಾರ್ನು. ಚಿಕ್ಕಮ್ಮ ಹೆಲ್ಮೆಟ್ಟಿನೊಳಗೆ ಬೆವರುತ್ತ ಕಿಕ್ಕರ್ ಒದೆಯುತ್ತಿದ್ದಳು. ಹಣ್ಣಿನ ಗಾಡಿಯವನು ತಕ್ಕಡಿ ಹಿಡಿದುಕೊಂಡೇ ಕೂಗಿದ:

“ಅಕ್ಕಾ, ಹಿಂದೆ ಕೂತಿರೋರು ಇಳಿದು ತಳ್ಳಿದ್ರೆ ಹೋಗತ್ತೆ!”

“ನಿಮ್ಮ ಬಾಯಿ ಆಫ್ ಮಾಡಿ, ಗಾಡಿ ಆನ್ ಆಗತ್ತೆ!” ಎಂದಳು ಚಿಕ್ಕಮ್ಮ.

ಸುತ್ತಲಿದ್ದವರು ನಕ್ಕರು, ಅವನೂ ನಕ್ಕ. ಆದರೆ ಗಾಡಿ ಆನ್ ಆಗಲಿಲ್ಲ. ಕೊನೆಗೆ ನಾನು ಇಳಿದು ತಳ್ಳಿದೆ. ಹಾಗೆ ತಳ್ಳುವಾಗ ಅವಳ ಬೆನ್ನು ನನಗೆ ಕಾಣುತ್ತಿತ್ತು. ಮಾತಿನಲ್ಲಿ ಇದ್ದ ಧೈರ್ಯ ಆ ಬೆನ್ನಿನಲ್ಲಿ ಇರಲಿಲ್ಲ.

ಮರಳಿನ ಮೇಲೆ ಬಿದ್ದದ್ದು ಆ ವಾರವೇ. ಮನೆ ಕಟ್ಟುವವರು ನಮ್ಮ ಬೀದಿಯ ತಿರುವಿನಲ್ಲಿ ಮರಳು ಸುರಿದಿದ್ದರು. ಇಳಿಜಾರಿನಲ್ಲಿ ಬರುವಾಗ ಒಂದು ನಾಯಿ ಅಡ್ಡ ಬಂತು. ಚಿಕ್ಕಮ್ಮ ಕಾಲಿನ ಬ್ರೇಕು ಒತ್ತಿದಳು. ಚಕ್ರ ಕಚ್ಚಿಕೊಂಡು ಗಾಡಿ ಬಾಲ ಬೀಸಿತು. ಆಗ ಅವಳು ಗಾಬರಿಯಲ್ಲಿ ತಾತನ ಪಾಠ ಮರೆತು ಬಲಗೈಯ ಲಿವರನ್ನೂ ಹಿಡಿದಳು. ಅದು ಹ್ಯಾಂಡಲ್ಲಿನವರೆಗೆ ಬಂತು. ಏನೂ ಆಗಲಿಲ್ಲ. ನಾಯಿ ತಪ್ಪಿಸಿಕೊಂಡಿತು, ನಾವು ಮರಳಿನೊಳಗೆ ಹೋಗಿ ಬಿದ್ದೆವು. ನನ್ನ ಮೊಣಕೈ ತರಚಿತು. ಅವಳ ಮಂಡಿ ಊದಿಕೊಂಡಿತು.

ತಾತ ಮನೆಯಿಂದ ಓಡಿಬಂದರು. “ಮುಂದಿನ ಬ್ರೇಕು ಹಿಡಿದ್ಯಾ?”

“ಹಿಡಿದೆ ಮಾವ. ಆದ್ರೆ…”

“ಅದಕ್ಕೇ ಬಿದ್ದಿದ್ದು! ಹೇಳಿರಲಿಲ್ವಾ ನಾನು?”

ಅಂದು ಸಂಜೆ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದ ಚಿಕ್ಕಮ್ಮ ಗೋಡೆ ನೋಡುತ್ತ ಹೇಳಿದಳು: “ಗಾಡಿ ಸರಿಯಾಗೇ ಇದೆ. ನನ್ನ ಕೈಯೇ ಸರಿಯಿಲ್ಲ ಅನ್ಸತ್ತೆ.”

ಎಲ್ಲೋ ಕೇಳಿದ ಮಾತು ಅನ್ನಿಸಿತು ನನಗೆ. ಎಲ್ಲಿ ಎಂದು ನೆನಪಾಗಲಿಲ್ಲ. ಪಕ್ಕದಲ್ಲೇ ಚಿಕ್ಕಪ್ಪ ಇದ್ದರು. ಬಾಯಿ ತೆರೆದರು, ಏನೋ ಹೇಳುವವರಂತೆ. ಆಮೇಲೆ ಎದ್ದು ಹೋಗಿ ಬಟ್ಟೆಯನ್ನು ಮತ್ತೆ ಬಿಸಿನೀರಿನಲ್ಲಿ ಅದ್ದಿ ತಂದುಕೊಟ್ಟರು.

ಶುಕ್ರವಾರ ಯಜಮಾನರು ಪರೀಕ್ಷೆ ಮಾಡಿದರು. “ಕೆಳಗಿನಿಂದ ಅಂಗಡೀವರೆಗೆ ಓಡಿಸ್ಕೊಂಡು ಬಾ, ನೋಡೋಣ” ಎಂದು ಏರಿನ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಏರಿನ ನಡುವೆ ಒಂದು ಹಾಲಿನ ಗಾಡಿ ಅಡ್ಡ ನಿಂತಿತ್ತು. ಚಿಕ್ಕಮ್ಮ ನಿಧಾನ ಮಾಡಿದಳು. ಅಷ್ಟೇ. ಗಾಡಿ ಕೆಮ್ಮಿತು, ಆಫ್ ಆಯಿತು, ಇಳಿಜಾರಿನಲ್ಲಿ ಹಿಂದಕ್ಕೆ ಜಾರಲು ಶುರುವಾಯಿತು. ಕಾಲಿನ ಬ್ರೇಕು ಒತ್ತಲು ಹೋದರೆ ನೆಲಕ್ಕೆ ಊರಿದ ಬಲಗಾಲು ಎತ್ತಬೇಕು. ಎತ್ತಿದರೆ ಊದಿದ ಎಡಮಂಡಿಯ ಮೇಲೆಯೇ ಇಡೀ ಭಾರ. ಹಾಲಿನವನೂ ಆಂಟೆನಾನೂ ಓಡಿಬಂದು ಹಿಡಿದುಕೊಂಡರು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಪಾಪ, ಬಿಡಮ್ಮಾ” ಎಂದರು. “ಎಲ್ಲರಿಗೂ ಎಲ್ಲ ಬರಲ್ಲ. ಸೋಮವಾರದಿಂದ ಬಾಮೈದನಿಗೆ ಬರೋಕೆ ಹೇಳ್ತೀನಿ.”

‘ಪಾಪ’ ಎಂಬುದು ಎಷ್ಟು ಮೆತ್ತಗಿನ ಮಾತು! ಆದರೆ ಒಬ್ಬರ ಮೇಲೆ ಅದನ್ನು ಹೊದಿಸಿದರೆ ಆಮೇಲೆ ಅವರು ಯಾರಿಗೂ ಕಾಣುವುದಿಲ್ಲ.

ಶನಿವಾರ ಆಂಟೆನಾನ ಕೊನೆಯ ದಿನ. ಅವನು ಮೇಜಿನ ಕೆಳಗೆ ಮಲಗಿ ಒಂದು ಮೋಟಾರಿನ ಬೆಲ್ಟು ಹಾಕುತ್ತಿದ್ದ, ಎರಡು ಕೈಯೂ ಗ್ರೀಸು. ಹೊರಗೆ ಸಾಮಾನಿನ ಟೆಂಪೊ ಬಂದು ಹಾರ್ನು ಹೊಡೆಯಿತು. ಆಂಟೆನಾನ ಬೈಕು ಅಡ್ಡವಿತ್ತು.

“ಅಕ್ಕಾ, ಕೀ ಅಲ್ಲೇ ಇದೆ. ಸ್ವಲ್ಪ ಆ ಕಡೆ ನಿಲ್ಸಿ ಬನ್ನಿ.”

“ನನಗೆಲ್ಲಿ ಬರತ್ತೆ ಮಾರಾಯ! ನಿನ್ನೆ ನೋಡಲಿಲ್ವಾ?”

“ಅಯ್ಯೋ, ಹತ್ತು ಮಾರು ಅಕ್ಕಾ. ಬಿದ್ರೆ ನನ್ನ ಗಾಡಿ ತಾನೇ ಬೀಳೋದು.”

ಚಿಕ್ಕಮ್ಮ ಹೋದಳು. ಗಾಡಿ ಶುರುವಾದ ಸದ್ದು ಕೇಳಿಸಿತು. ಆಮೇಲೆ ಆ ಸದ್ದು ದೂರವಾಯಿತು. ಟೆಂಪೊದಿಂದ ಸಾಮಾನು ಇಳಿಸಿದ್ದಾಯಿತು, ಟೆಂಪೊ ಹೋಯಿತು, ಚಿಕ್ಕಮ್ಮ ಬರಲಿಲ್ಲ. ನಾನು ಹೊರಗೆ ಬಂದು ನಿಂತೆ. ಆಂಟೆನಾನೂ ಗ್ರೀಸು ಕೈಯಲ್ಲೇ ಬಂದು ನಿಂತ. “ನನ್ನ ಗಾಡಿ ತಗೊಂಡು ನನಗಿಂತ ಮೊದಲೇ ಊರು ಬಿಟ್ರಾ ಹೇಗೆ?” ಎಂದ.

ಕೊನೆಗೆ ಏರಿನ ಕೆಳಗೆ ಹೆಲ್ಮೆಟ್ಟಿಲ್ಲದ ಅವಳ ತಲೆ ಕಾಣಿಸಿತು. ಏರು ಹತ್ತಿ ಬಂದಳು. ನಿನ್ನೆ ಬೀಳುವುದರಲ್ಲಿದ್ದ ಜಾಗದಲ್ಲೇ ಬೇಕೆಂದೇ ನಿಲ್ಲಿಸಿದಳು. ಗಾಡಿ ಜಾರಲಿಲ್ಲ. ಬಲಗೈಯ ನಾಲ್ಕು ಬೆರಳೂ ಲಿವರಿನ ಮೇಲಿದ್ದವು. ಎಂಜಿನ್ನು ಬೆಕ್ಕಿನ ಹಾಗೆ ಗುರುಗುರು ಅನ್ನುತ್ತಲೇ ಇತ್ತು. ಅಲ್ಲಿಂದ ಮತ್ತೆ ಹೊರಟು ನಮ್ಮ ಮುಂದೆ ಬಂದು ನಿಂತಳು. ಸಂತೋಷಪಟ್ಟಿರುತ್ತಾಳೆ ಎಂದುಕೊಂಡೆ. ಇಲ್ಲ. ಮುಖ ಕೆಂಪಾಗಿತ್ತು.

“ನಿನ್ನ ಗಾಡಿ ನಿಂತಲ್ಲಿ ಆಫ್ ಆಗಲ್ವಾ?” ಎಂದು ಕೇಳಿದಳು.

“ಯಾಕೆ ಆಗತ್ತೆ?” ಎಂದ ಆಂಟೆನಾ.

“ಮುಂದಿನ ಬ್ರೇಕು ಹಿಡಿದ್ರೆ ನಿಲ್ಲತ್ತೆ.”

“ನಿಲ್ಲಬೇಕಲ್ವಾ ಅಕ್ಕಾ? ಅದಕ್ಕೇ ತಾನೇ ಬ್ರೇಕು ಅನ್ನೋದು?”

ಚಿಕ್ಕಮ್ಮ ಒಳಗೆ ಹೋಗಿ ತನ್ನ ಉಪಕರಣಗಳ ಚೀಲ ತೆಗೆದುಕೊಂಡಳು. ನೇರ ಮನೆಗೆ ಹೊರಟಳು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಹಳೆಯ ಪೇಪರು ಹಾಸಿ, ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿದಳು. ಮಷೀನಿನ ಮುಂದೆ ಕೂರುವ ಹಾಗೆಯೇ ಕೂತಳು. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಳು; ಅರ್ಧ ಸುತ್ತು ಹೋಗಿ ಗೊಣಗಿ ನಿಂತಿತು. ಬ್ರೇಕಿನ ನಟ್ಟು ಕೊನೆಯವರೆಗೂ ಬಿಗಿದಿತ್ತು. ಮುಂದಿನ ಚಕ್ರ ತಿರುಗಿಸಿ ನನಗೆ ಲಿವರ್ ಹಿಡಿಯಲು ಹೇಳಿದಳು. ನಾನು ಪೂರ್ತಿ ಹಿಡಿದೆ. ಚಕ್ರ ಏನೂ ಆಗದ ಹಾಗೆ ತಿರುಗುತ್ತಲೇ ಇತ್ತು. ಕೇಬಲ್ಲಿನ ನಟ್ಟು ತುದಿಗೆ ಬಂದು ಬೀಳುವ ಹಾಗಿತ್ತು. ಆಮೇಲೆ ಎಂಜಿನ್ನಿನ ಪಕ್ಕದ ಪುಟ್ಟ ಸ್ಕ್ರೂ, ಗಾಡಿ ನಿಂತಾಗಲೂ ಎಂಜಿನ್ನು ಉಸಿರಾಡುವಂತೆ ನೋಡಿಕೊಳ್ಳುವುದು ಅದೇ. ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಹೊಸ ಗೀರು ಬಿಸಿಲಿಗೆ ಮಿನುಗುತ್ತಿತ್ತು.

ಅವಳು ಬಹಳ ಹೊತ್ತು ಆ ಗೀರನ್ನೇ ನೋಡಿದಳು. ಬೇರೆ ಯಾವ ಹೆಂಗಸಿನ ಮಷೀನಾಗಿದ್ದರೂ ಅವಳು ಮೊದಲ ದಿನವೇ ಇದನ್ನು ನೋಡಿರುತ್ತಿದ್ದಳು. ತನ್ನದಾದ್ದರಿಂದ ನೋಡಲಿಲ್ಲ. ಮನೆಯವರು ಸರಿ ಮಾಡಿಕೊಟ್ಟದ್ದಲ್ಲವೇ?

ದೊಡ್ಡಮಾವ ಎಂದಿನಂತೆ ಬಂದ. ಚಹಾ ಬಂತು. ತಾತ ಪೇಪರು ಹಿಡಿದು ಜಗಲಿಯಲ್ಲಿ, ಚಿಕ್ಕಪ್ಪ ಬಾಗಿಲಲ್ಲಿ. ಚಿಕ್ಕಮ್ಮ ಎದ್ದು ನಿಂತಳು.

“ಮುಂದಿನ ಬ್ರೇಕಿನ ನಟ್ಟು ಸಡಿಲ ಮಾಡಿದ್ದು ಯಾರು?”

ತಾತ ಪೇಪರು ಮಡಿಸಿದರು. “ನಾನೇ ಕಣಮ್ಮ. ನಿನ್ನ ಒಳ್ಳೇದಕ್ಕೇ. ಗಾಬರೀಲಿ ಹಿಡಿದುಬಿಟ್ರೆ ಅಂತ…”

ದೊಡ್ಡಮಾವ ಜೋರಾಗಿ ನಕ್ಕ. “ಏನ್ರೀ ಇದು! ಬ್ರೇಕು ಸಡಿಲ ಮಾಡೋದಾ ಯಾರಾದ್ರೂ?”

“ನಗಬೇಡ ಅಣ್ಣಾ. ಹಿಂದಿನದ್ದು ಬಿಗಿದಿದ್ದು ನೀನು. ನೀನು ಬಂದು ಹೋದ ಮೇಲೇ ಗಾಡಿ ಭಾರ ಆಗಿದ್ದು.”

ಅವನು ಚಹಾದ ಲೋಟ ಕೆಳಗಿಟ್ಟ. “ಸ್ಪೀಡು ಹೋಗಬಾರದು ಅಂತ ಪುಟ್ಟೀ. ಸ್ವಲ್ಪ ಹಿಡಿದ ಹಾಗಿದ್ರೆ ನಿನಗೇ ಧೈರ್ಯ ಅಂತ…”

ಚಿಕ್ಕಮ್ಮ ಬಾಗಿಲ ಕಡೆ ತಿರುಗಿದಳು. ಚಿಕ್ಕಪ್ಪನೇ ಹೇಳಿದರು, ಹೊಸ್ತಿಲು ನೋಡುತ್ತ: “ಆಕ್ಸಿಲರೇಟರ್ ಬಿಟ್ಟ ತಕ್ಷಣ ಆಫ್ ಆದ್ರೆ ಸೇಫು ಅಂದ್ಕೊಂಡೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ.

“ಗಾಡಿ ಕೊಡಲ್ಲ ಅಂದಿದ್ರೆ ಜಗಳ ಆಡ್ತಿದ್ದೆ” ಎಂದಳು ಚಿಕ್ಕಮ್ಮ. ದನಿ ಎತ್ತರಿಸಲಿಲ್ಲ. “ಗೆಲ್ತಿದ್ನೋ ಸೋಲ್ತಿದ್ನೋ, ಜಗಳ ಅಂತ ಗೊತ್ತಿರ್ತಿತ್ತು. ನೀವು ಕೊಟ್ಟು ಕಿತ್ಕೊಂಡ್ರಿ. ಚೌಕದಲ್ಲಿ ಊರೆಲ್ಲ ನಗ್ತಿತ್ತು. ಸಂಜೆ ಬಂದು ನಿಮ್ಮ ಹತ್ರಾನೇ ಹೇಳ್ಕೊಂಡು ಅಳ್ತಿದ್ದೆ. ಭಾನುವಾರ ಬಂದ್ರೆ ಅಣ್ಣನ ಹತ್ರಾನೂ. ಮೂರು ಜನಾನೂ ಕೇಳ್ತಾ ಕೂತಿದ್ರಿ.”

“ಹೇಳಬೇಕು ಅಂತಿದ್ದೆ” ಎಂದರು ಚಿಕ್ಕಪ್ಪ.

“ಯಾವಾಗ?”

ಚಿಕ್ಕಪ್ಪ ಬಾಗಿಲ ಚಿಲಕವನ್ನು ಹಿಂದೆ ಮುಂದೆ ಸರಿಸಿದರು.

“ಬಿದ್ದ ದಿನ ಈ ಹುಡುಗಿ ನನ್ನ ಹಿಂದೆ ಕೂತಿದ್ಲು. ಮರಳಿದ್ದ ಜಾಗದಲ್ಲಿ ಲಾರಿ ಇದ್ದಿದ್ರೆ?”

ತಾತ ಮೆಲ್ಲಗೆ ಶುರು ಮಾಡಿದರು: “ಜೀವಮಾನ ಎಲ್ಲ ಬಸ್ಸು ಓಡಿಸಿದವನು ನಾನು. ನನಗೆ ಗೊತ್ತಿಲ್ವಾ…”

“ಮಾವ, ಡಿಪೋದವರು ನಿಮ್ಮ ಬಸ್ಸಿನ ಬ್ರೇಕು ನಿಮಗೆ ಹೇಳದೆ ಸಡಿಲ ಮಾಡಿದ್ರೆ ನೀವೇನು ಮಾಡ್ತಿದ್ರಿ?”

ತಾತ ಮಡಿಸಿದ ಪೇಪರನ್ನೇ ಮತ್ತೆ ಮಡಿಸಿದರು. ಅವರು ಏನು ಮಾಡುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ಕೂಗಾಡಿ ಡಿಪೋವನ್ನೇ ಎರಡು ಮಾಡುತ್ತಿದ್ದರು.

ಮೂವರೂ ಕೆಟ್ಟವರಲ್ಲ. ಹಾಗೆಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ, ಅಮ್ಮನೂ ಹೇಳಿದ್ದಾಳೆ. ನನಗದು ಗೊತ್ತು. ಇರುವೆಯ ಮೇಲೆ ಕಾಲಿಡಲೂ ಹಿಂಜರಿಯುವವರು. ಅದೇ ನನ್ನ ಸಿಟ್ಟು. ಭಯವಾಗಿದ್ದು ಅವರಿಗೆ, ಅವಳಿಗಲ್ಲ. ತಮ್ಮ ಭಯವನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವ ಬದಲು ಅವಳ ಗಾಡಿಗೆ ಜೋಡಿಸಿದರು. ಅದು ಅವಳ ಕೈಯಲ್ಲಿ ನಡುಗಿದಾಗ, ನೋಡು, ನಿನ್ನ ಕೈ ನಡುಗುತ್ತಿದೆ ಎಂದರು.

ಚಿಕ್ಕಮ್ಮ ಮತ್ತೆ ಕೂತು ಮೂರನ್ನೂ ಸರಿ ಮಾಡಿದಳು. “ನಾನು ಮಾಡ್ಕೊಡ್ತೀನಿ ಬಿಡು” ಎಂದು ಚಿಕ್ಕಪ್ಪ ಒಂದು ಹೆಜ್ಜೆ ಮುಂದೆ ಬಂದರು. ಅವಳು ತಲೆಯೆತ್ತಿ ನೋಡಿದಳು, ಅಷ್ಟೇ. ಆ ಹೆಜ್ಜೆ ಹಿಂದೆ ಹೋಯಿತು.

ಸೋಮವಾರ ಬೆಳಗ್ಗೆ ಅವಳು ಏರು ಹತ್ತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ಕಾಲೇಜಿಗೆ ಹೋಗುವ ದಾರಿಯಲ್ಲವೇ, ನಾನು ಹಿಂದೆ ಇದ್ದೆ. ಒಳಗೆ ಅವಳ ಸ್ಟೂಲಿನ ಮೇಲೆ ಬಾಮೈದ ಕೂತಿದ್ದ. ತಂಪು ಕನ್ನಡಕ ತಲೆಯ ಮೇಲೆ ಏರಿಸಿ, ಒಂದು ಬಾಬಿನ್ನನ್ನು ಬುಗುರಿಯಂತೆ ಮೇಜಿನ ಮೇಲೆ ತಿರುಗಿಸುತ್ತಿದ್ದ.

“ಸಾರ್, ಹತ್ತಿ” ಎಂದಳು ಚಿಕ್ಕಮ್ಮ ಯಜಮಾನರಿಗೆ.

“ಎಲ್ಲಿಗೆ?”

“ಕಾರ್ಖಾನೆಗೆ. ಓಡಿಸಿಕೊಂಡು ಹೋಗಿ ಬರೋರಿಗೆ ಅಂದಿದ್ರಿ. ತಿಂಗಳು ಇನ್ನೂ ಮುಗಿದಿಲ್ಲ.”

“ಅಯ್ಯೋ, ಆಯ್ತು ಬಿಡಮ್ಮಾ, ಅವನು ಬಂದಾಗಿದೆ…”

“ಪಾಪ ಅಂದ್ರಲ್ಲ ಸಾರ್, ನಾಲ್ಕು ಜನರ ಮುಂದೆ. ಅದೇ ನಾಲ್ಕು ಜನರ ಮುಂದೆ ಹತ್ತಿ.”

ಹಾಲಿನವನು ನಿಂತು ನೋಡುತ್ತಿದ್ದ. ಯಜಮಾನರಿಗೆ ಬೇರೆ ದಾರಿ ಉಳಿಯಲಿಲ್ಲ. ನಾನು ನನ್ನ ಹೆಲ್ಮೆಟ್ಟು ಕೊಟ್ಟೆ. ಅವರ ತಲೆಗೆ ಅದು ಸಣ್ಣದಾಗಿ ಕೆನ್ನೆಗಳು ಉಬ್ಬಿಕೊಂಡವು. “ನಿಧಾನ, ನಿಧಾನ” ಎಂದು ಅವರು ಹೇಳುತ್ತಿದ್ದುದು ಇಳಿಜಾರಿನ ಕೊನೆಯವರೆಗೂ ಕೇಳಿಸುತ್ತಿತ್ತು. ಮೇಲಿನಿಂದ ಕಾಣುವ ಚೌಕದ ಕೆಂಪು ದೀಪಕ್ಕೆ ಗಾಡಿ ನಿಂತಿತು. ಆಫ್ ಆಗಲಿಲ್ಲ. ಹಸಿರಾಯಿತು. ಹೋದರು.

ಕಾರ್ಖಾನೆಯಲ್ಲಿ ಅವತ್ತು ಒಂದು ಸಾಲೇ ನಿಂತುಹೋಗಿತ್ತಂತೆ. ಚಿಕ್ಕಮ್ಮ ಕೂತು ಅದನ್ನು ಓಡಿಸುವವರೆಗೆ ಯಜಮಾನರು ಒಂದು ಕುರ್ಚಿಯಲ್ಲಿ ಹೆಲ್ಮೆಟ್ಟು ಮಡಿಲಲ್ಲಿಟ್ಟು ಕಾದರಂತೆ. ವಾಪಸು ಬಂದು ಬಾಮೈದನಿಗೆ ಅವರು ಹೇಳಿದ್ದು ಇಷ್ಟೇ: “ನೀನು ಮುಂದೆ ಕಪಾಟು ನೋಡ್ಕೊ. ಆರಾಮು.”

ಈಗ ಅವಳು ವಾರದಲ್ಲಿ ಹೆಚ್ಚು ದಿನ ಅಲ್ಲಿಗೇ ಹೋಗುತ್ತಾಳೆ. ಹೋ ಎನ್ನುವ ಗಾಳಿಯಲ್ಲಿ, ಎರಡು ಕಡೆ ಖಾಲಿ ಬಯಲಿರುವ ಆ ದಾರಿಯಲ್ಲಿ ಒಬ್ಬಳೇ ಹೋಗುವಾಗ ಹಾಡಿಕೊಳ್ಳುತ್ತಾಳೆಂದು ಅವಳೇ ಹೇಳಿದ್ದಾಳೆ. ಗಾಡಿಯ ಕೀಯನ್ನೂ ಸ್ಪ್ಯಾನರನ್ನೂ ತನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತಾಳೆ. ಪ್ರತಿ ಬೆಳಗ್ಗೆ ಹೊರಡುವ ಮೊದಲು ಎರಡು ಬ್ರೇಕನ್ನೂ ಹಿಡಿದು ನೋಡುತ್ತಾಳೆ, ಜಗಲಿಯ ಮೇಲಿರುವವರಿಗೆ ಕಾಣುವ ಹಾಗೆ. ಚಿಕ್ಕಪ್ಪನಿಗೆ ಅದು ಚುಚ್ಚುತ್ತದೆ. “ಇನ್ನೂ ನಂಬಿಕೆ ಇಲ್ವಾ?” ಎಂದು ಒಂದು ದಿನ ಕೇಳಿಯೇಬಿಟ್ಟರು. “ಬ್ರೇಕಿನ ಮೇಲೆ ಇದೆ” ಎಂದಳು.

ತಾತ ಮಾತ್ರ ಬದಲಾಗಿಲ್ಲ. ಸಂಜೆ ಗಾಡಿಯ ಸದ್ದು ತಿರುವಿನಲ್ಲಿ ಕೇಳಿದ ಕೂಡಲೇ ಪೇಪರು ಕೆಳಗಿಡುತ್ತಾರೆ. ಅವಳು ಹೆಲ್ಮೆಟ್ಟು ತೆಗೆಯುವುದನ್ನೇ ಕಾದು ಕೇಳುತ್ತಾರೆ:

“ಮುಂದಿನದ್ದು ಹಿಡೀಲಿಲ್ಲ ತಾನೇ?”

“ಹಿಡಿದೆ ಮಾವ” ಎನ್ನುತ್ತಾಳೆ ಚಿಕ್ಕಮ್ಮ, ಮತ್ತು ಅವರ ಎದುರಿಗೇ ಇನ್ನೊಂದು ಸಲ ಹಿಡಿದು ಬಿಡುತ್ತಾಳೆ.